ಬ್ರಿಗೇಡಿಯರ್ ಯಾಕ ಆಗ್ಲಿಲ್ಲ, ಸರ?

ಹೋದ ಸಂಚಿಕ್ಯಾಗ ಸಂಪಾದಕರು "ಮಿಲಿಟರಿ ಆಫೀಸರ್ ನೌಕರಿ ಬಗ್ಗೆ ಏನರ ಕೇಳೂದಿದ್ರ ಬರೀರಿ, ಧಾರವಾಡದ ರಿಟೈರ್ಡ್ ಕರ್ನಲ್ ಒಬ್ರು ಉತ್ತರ ಕೊಡ್ತಾರ" ಅಂತ ಎರಡ ಸಾಲು ಹಾಕಿದ್ರು. ನಾ ಏನ್ ತಿಳ್ಕೊಂಡಿದ್ದೆ ಅಂದ್ರ ಹತ್ತು ಹದಿನೈದು ಪತ್ರ ಬರ್ತಾವು, ಒಂದ ಮುಂಜಾನಿ ಚಹಾ ಕುಡಕೋತ ಮುಗಿಸಿಬಿಡೂಣು ಅಂತ. ಬಂದಿದ್ದು ಒಂದು ಚೀಲ ನೋಡ್ರಿ. ಎಲ್ಲಾದಕ್ಕೂ ಉತ್ತರ ಬರ್ಯಾಕ ಆಗೂದಿಲ್ಲ, ಒಂದ ನಮೂನಿ ಪ್ರಶ್ನೆ ಇದ್ದದ್ದನ್ನ ಕೂಡ್ಸೇನಿ, ಮನಸ್ಸಿಗೆ ಹತ್ತಿದ್ದಕ್ಕ ಉದ್ದ ಬರ್ದೇನಿ, ಉಳಿದದ್ದಕ್ಕ ಸಣ್ಣದು, ಸಿಟ್ಟಾಗಬ್ಯಾಡ್ರಿ. ನನ್ನ ಪರಿಚಯ ಇಷ್ಟ, ಅಣ್ಣಿಗೇರಿ ಕಡೆ ಹಳ್ಳ್ಯಾಂವ, ಕನ್ನಡ ಸಾಲ್ಯಾಗ ಕಲ್ತು ಧಾರವಾಡದ ಕರ್ನಾಟಕ ಕಾಲೇಜಿನ್ಯಾಗ ಬಿ.ಎಸ್ಸಿ. ಮಾಡಿ, ಇನ್‌ಫೆಂಟ್ರಿಯೊಳಗ, ಅಂದ್ರ ಕಾಲ್ದಳದಾಗ, 31 ವರ್ಷ ತೆಗದು 2024ರಾಗ ಮನಿಗೆ ಬಂದಾಂವ. ಹೆಸರು ಪತ್ರಿಕಿಯವ್ರ ಹತ್ರ ಐತಿ, ಇಲ್ಲಿ ಹಾಕಬ್ಯಾಡ್ರಿ ಅಂದೇನಿ.

ಪ್ರಶ್ನೆ: ನನ್ನ ಮಗ ಡೆಹ್ರಾಡೂನ್‌ದಾಗ ಟ್ರೇನಿಂಗ್ ಮುಗಿಸಿ ಲೆಫ್ಟಿನೆಂಟ್ ಆಗ್ಯಾನ. ನಾವಿಬ್ರೂ ಹೋಗಿ ನಮ್ಮ ಕೈಯಾರೆ ಅವನ ಹೆಗಲಿಗೆ ನಕ್ಷತ್ರ ಹಚ್ಚಿ ಬಂದ್ವಿ. ಈಗ ಬೀಗರಾಗೋರು ಕೇಳ್ಯಾರ, ಜನರಲ್ ಆಗಾಕ ಎಷ್ಟ ವರ್ಷ ಬೇಕು ಅಂತ. ಏನ್ ಹೇಳ್ಲಿ? (ಸೀರಿ ವ್ಯಾಪಾರಿ, ಬೆಟಗೇರಿ)

ಉತ್ತರ: ಮೊದ್ಲ ಅಭಿನಂದನೆ. ಆ ನಕ್ಷತ್ರ ಹಚ್ಚೂ ಮುಂದ ನಿಮ್ಮ ಕೈ ನಡುಗಿರ್ತಾವು, ಎಲ್ಲಾ ತಂದಿ ತಾಯಿದೂ ನಡುಗ್ತಾವು, ನಮ್ಮಪ್ಪಂದು ಪಿನ್ ನನ್ನ ಭುಜಕ್ಕ ಚುಚ್ಚಿ ರಕ್ತ ಬಂದಿತ್ತು, ಅಂವಗ ಇವತ್ತಿಗೂ ಹೇಳಿಲ್ಲ. ಆಗ ನಾವು ಸೆಕೆಂಡ್ ಲೆಫ್ಟಿನೆಂಟ್, ಒಂದ ನಕ್ಷತ್ರ. ಈಗಿನ ಹುಡುಗ್ರು ಸೀದಾ ಲೆಫ್ಟಿನೆಂಟ್, ಎರಡು.

ಇನ್ನ ಬೀಗರ ಪ್ರಶ್ನೆಗೆ ಬರೂಣು. ಮೊದಲ ಮೂರ ಮೆಟ್ಟಿಲಿಗೆ ಗಡಿಯಾರ ಐತಿ. 2 ವರ್ಷಕ್ಕ ಕ್ಯಾಪ್ಟನ್, 6 ವರ್ಷಕ್ಕ ಮೇಜರ್, 13 ವರ್ಷಕ್ಕ ಲೆಫ್ಟಿನೆಂಟ್ ಕರ್ನಲ್. ನಡುವ ಪಾರ್ಟ್ ಬಿ, ಪಾರ್ಟ್ ಡಿ ಅಂತ ಎರಡು ಪರೀಕ್ಷೆ ಪಾಸ್ ಆಗಬೇಕು, ಮೈಗೆ ಆರೋಗ್ಯ ಇರಬೇಕು, ದೊಡ್ಡ ತಪ್ಪು ಮಾಡಿರಬಾರದು, ಇಷ್ಟಿದ್ರ ಹುದ್ದೆ ತಾನ ಬರ್ತೈತಿ. 2004ರ ಡಿಸೆಂಬರ್‌ದಿಂದ ಈ ಲೆಕ್ಕ, ಅದಕ್ಕಿಂತ ಮೊದಲಿನೋರಿಗೆ ಲೆಫ್ಟಿನೆಂಟ್ ಕರ್ನಲ್ ಆಗಾಕೂ ಬೋರ್ಡ್ ಇತ್ತು. ಹದಿಮೂರನೇ ವರ್ಷ ದಾಟಿದ ಕೂಡ್ಲೆ ಗಡಿಯಾರ ನಿಂತಂಗ. ಅಲ್ಲಿಂದ ಮ್ಯಾಲ ಖುರ್ಚಿ ಖಾಲಿ ಇದ್ರ, ಆ ಖುರ್ಚಿಗೆ ನಿಮ್ಮನ್ನ ಆರಿಸಿದ್ರ ಅಷ್ಟ. ಆರಿಸದಿದ್ರೂ 26 ವರ್ಷ ಆದ್ರ ಟೈಮ್ ಸ್ಕೇಲ್ ಕರ್ನಲ್ ಅಂತ ಕೊಡ್ತಾರ, ಆದ್ರ ಪಲ್ಟನ್ ಕಮಾಂಡ್ ಸಿಗೂದಿಲ್ಲ.

ಖುರ್ಚಿ ಲೆಕ್ಕ ನಿಮಗ ವ್ಯಾಪಾರಿ ಭಾಷೆದಾಗ ಹೇಳ್ತೀನಿ. ಒಂದು ಇನ್‌ಫೆಂಟ್ರಿ ಪಲ್ಟನ್ ಅಂದ್ರ ಸುಮಾರು 800 ಮಂದಿ, ಅದಕ್ಕ ಒಬ್ಬ ಕರ್ನಲ್. ಮೂರು ಪಲ್ಟನ್ ಕೂಡಿದ್ರ ಒಂದು ಬ್ರಿಗೇಡ್, ಒಬ್ಬ ಬ್ರಿಗೇಡಿಯರ್. ಮೂರು ಬ್ರಿಗೇಡ್ ಮತ್ತ ತೋಪಿನೋರು, ಎಂಜಿನಿಯರ್‌ಗೋಳು, ಸಿಗ್ನಲ್ಸ್ ಎಲ್ಲಾ ಸೇರಿದ್ರ ಒಂದು ಡಿವಿಷನ್, ಅದಕ್ಕ ಒಬ್ಬ ಮೇಜರ್ ಜನರಲ್. ಅಂದ್ರ ಇನ್‌ಫೆಂಟ್ರಿ ಲೆಕ್ಕದಾಗ ಒಂಬತ್ತು ಮಂದಿ ಕರ್ನಲ್ ಇದ್ದಲ್ಲಿ ಮೂರು ಬ್ರಿಗೇಡಿಯರ್, ಒಬ್ಬ ಮೇಜರ್ ಜನರಲ್. ಹೆಡ್‌ಕ್ವಾರ್ಟರ್ಸ್‌ದಾಗ ಬ್ಯಾರೆ ಖುರ್ಚಿ ಇರ್ತಾವು ಖರೆ, ಆದ್ರ ಆಕಾರ ಮಾತ್ರ ಹಿಂಗ, ಮ್ಯಾಲ ಹೋದಂಗ ಸಣ್ಣ. ಡಿವಿಷನ್ ಮ್ಯಾಲ ಕೋರ್, ಅದಕ್ಕ ಲೆಫ್ಟಿನೆಂಟ್ ಜನರಲ್. ಅದರ ಮ್ಯಾಲ ಕಮಾಂಡ್, ಇಡೀ ದೇಶಕ್ಕ ಏಳು, ಅದ್ರಾಗ ಒಂದು ಶಿಮ್ಲಾದ ಟ್ರೇನಿಂಗ್ ಕಮಾಂಡ್. ಇವೆಲ್ಲಾದ್ರ ಮ್ಯಾಲ ಒಬ್ಬ ಚೀಫ್, ಬರೇ "ಜನರಲ್" ಅಂತ ಅನ್ನಿಸ್ಕೊಳ್ಳಾಂವ ಭೂಸೇನಾದಾಗ ಸಾಧಾರಣ ಅಂವ ಒಬ್ಬಾಂವ.

ಅದಕ್ಕ ಬೀಗರಿಗೆ ಹೇಳ್ರಿ, ಹುಡುಗ ಆರ ವರ್ಷಕ್ಕ ಮೇಜರ್ ಆಗ್ತಾನ, ಅದರ ಮುಂದಿಂದು ಕೇಳಿದ್ರ ಹುಡುಗಿ ಕೊಡಬ್ಯಾಡ್ರಿ ಅಂತ. ತಮಾಷಿ ಅಲ್ಲ. ಮೇಜರ್ ಆಗಿ ಒಂದು ಕಂಪನಿ ಸಿಗ್ತೈತಲ್ಲ, ಸುಮಾರು 120 ಮಂದಿ, ನನ್ನ ಕೇಳಿದ್ರ ಇಡೀ ನೌಕರ್‍ಯಾಗ ಅದ ಖರೆ ನೌಕರಿ. ನಾ ಎತ್ತರದ ಒಂದು ಪೋಸ್ಟ್‌ದಾಗ ಇದ್ದಾಗ ದಿನಾ ಸಂಜಿಮುಂದ ಒಂದ ಕೆಲಸ, ಬಂಕರ್‌ನೊಳಗ ಹುಡುಗೋರನ್ನ ಸಾಲಾಗಿ ಕುಂದ್ರಿಸಿ ಬೂಟ್, ಎರಡೆರಡು ಜೋಡಿ ಸಾಕ್ಸ್ ಬಿಚ್ಚಿಸಿ ಟಾರ್ಚ್ ಹಿಡದು ಕಾಲ ಬೆರಳು ನೋಡೂದು. ಬೆರಳ ತುದಿ ಬೆಳ್ಳಗ ಮೇಣದಂಗ ಆಗಿದ್ರ ಹಿಮ ಹತ್ತಾಕ ಸುರು ಆಗೇತಿ ಅಂತ ಅರ್ಥ, ಎರಡ ದಿನ ಬಿಟ್ರ ಕರ್ರಗಾಗಿ ಬೆರಳ ಹೋಗ್ತೈತಿ. ಹುಡುಗೋರು ನಾಚಿಕೊಂಡು ಕಾಲು ಎಳಕೋತಿದ್ರು, ಸಾಹೇಬ ಕಾಲು ಮುಟ್ಟೂದೇನು ಅಂತ. ಒಂದ ಚಳಿಗಾಲ ಪೂರ್ತಿ 120 ಜೋಡಿ ಕಾಲು ನೋಡೇನಿ, ಒಂದು ಬೆರಳೂ ಹೋಗ್ಲಿಲ್ಲ. ಈ ಲೆಕ್ಕ ಯಾವ ರಿಪೋರ್ಟ್‌ದಾಗೂ ಬರೂದಿಲ್ಲ. ನಿಮ್ಮ ಮಗ ಸೂಟಿಗೆ ಬಂದಾಗ ಜನರಲ್ ಯಾವಾಗ ಅಂತ ಕೇಳಬ್ಯಾಡ್ರಿ, ನಿನ್ನ ಹುಡುಗೋರು ಹೆಂಗದಾರ ಅಂತ ಕೇಳ್ರಿ, ಅಂವ ಎರಡು ತಾಸು ಮಾತಾಡ್ತಾನ.

ಪ್ರಶ್ನೆ: ನೀವು ಕರ್ನಲ್‌ಗೆ ಯಾಕ ನಿಂತ್ರಿ? ಬ್ರಿಗೇಡಿಯರ್ ಯಾಕ ಆಗ್ಲಿಲ್ಲ, ಸರ? ಏನರ ತಪ್ಪು ಮಾಡಿದ್ರೇನು? ಕೇಳಿದ್ದು ತಪ್ಪಾದ್ರ ಕ್ಷಮಾ ಇರ್ಲಿ. (ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ತಪ್ಪೇನಿಲ್ಲ ತಮ್ಮಾ, ನಮ್ಮೂರ ಜಾತ್ರ್ಯಾಗ ಎಲ್ಲಾರೂ ಇದನ್ನ ಕೇಳ್ತಾರ, ನೀ ಬರ್ದು ಕೇಳಿದಿ ಅಷ್ಟ. ಸಂಪಾದಕರು ಇದನ್ನ ತಲಿಬರಹಕ್ಕೂ ಹಾಕ್ಯಾರ.

ಹೆಂಗ ಆರಿಸ್ತಾರ ಅಂತ ಮೊದ್ಲ ಹೇಳ್ತೀನಿ. ವರ್ಷಕ್ಕೊಂದು ಸಲ ನಿನ್ನ ಮ್ಯಾಲಿನಾಂವ ನಿನ್ನ ಬಗ್ಗೆ ಗುಪ್ತ ವರದಿ ಬರೀತಾನ, ಸಿ.ಆರ್. ಅಂತೀವಿ. ಅಂವನ ಮ್ಯಾಲ ಇನ್ನೊಬ್ಬಾಂವ ನೋಡ್ತಾನ, ಅಂವನ ಮ್ಯಾಲ ಮತ್ತೊಬ್ಬಾಂವ. 9ಕ್ಕ ಅಂಕ. 9 ಬಿದ್ರ ಬಂಗಾರ, 8 ಬಿದ್ರ ಭಾಳ ಚೊಲೊ, 7 ಬಿದ್ರೂ ಚೊಲೊನ. ಆದ್ರ ಬಾಜೂದಾಂವಗ 9 ಬಿದ್ದಿದ್ರ ನಿನ್ನ ಚೊಲೊ ಎಲ್ಲಿ ಹೋತು? ಹತ್ತಿಪ್ಪತ್ತು ವರ್ಷದ ಈ ಕಾಗದ ಎಲ್ಲಾ ಕೂಡಿ ದಿಲ್ಲಿಗೆ ಹೋಗ್ತಾವು, ಕರ್ನಲ್‌ಗೆ ನಂಬರ್ 3 ಬೋರ್ಡ್, ಬ್ರಿಗೇಡಿಯರ್‌ಗೆ ನಂಬರ್ 2, ಮೇಜರ್ ಜನರಲ್‌ಗೆ ನಂಬರ್ 1. ಅಲ್ಲಿ ಇಂಟರ್ವ್ಯೂ ಇಲ್ಲ, ಪರೀಕ್ಷೆ ಇಲ್ಲ, ನೀ ಹೋಗಿ ನಿಂತು ನಾ ಹಿಂಗಿದ್ದೀನ್ರಿ ಅನ್ನಾಕ ಬರೂದಿಲ್ಲ, ಕಾಗದ ಮಾತಾಡಬೇಕು. ಮೂರು ಸಲ ನೋಡ್ತಾರ, ಮೊದಲನೇದು ನಿನ್ನ ಬ್ಯಾಚ್ ಜೋಡಿ, ಆಮ್ಯಾಲ ಎರಡು ಸಲ ನಿನಗಿಂತ ಸಣ್ಣೋರ ಜೋಡಿ. ಮೂರೂ ಸಲ ಆಗ್ಲಿಲ್ಲಂದ್ರ ಮುಗೀತು, ಇದ್ದ ಹುದ್ದೆದಾಗ 54ರ ತನಕ ಇರಬಹುದು. ಅನ್ಯಾಯ ಆಗೇತಿ ಅಂತ ಅನಿಸಿದ್ರ ಕಂಪ್ಲೇಂಟ್ ಕೊಡಾಕ ದಾರಿ ಅದಾವ, ಸಶಸ್ತ್ರ ಪಡೆಗಳ ಟ್ರಿಬ್ಯೂನಲ್ ಐತಿ, ಗೆದ್ದೋರೂ ಅದಾರ. ನಾ ಹೋಗ್ಲಿಲ್ಲ. ನನ್ನ ಕಮಾಂಡ್ ವರದಿ ಗಟ್ಟಿ ಇದ್ವು, ಒಂದ ಸ್ಟಾಫ್ ನೌಕರಿದು ಅಷ್ಟಕ್ಕಷ್ಟ, ಆ ಎರಡು ವರ್ಷ ನಾ ಕೆಲಸ ಖರೇನ ಅಷ್ಟಕ್ಕಷ್ಟ ಮಾಡಿದ್ದೆ. ಫೈಲ್ ನನಗ ಆಗಿಬರೂದಿಲ್ಲ, ಇದರಾಗ ಯಾರದೂ ಪಿತೂರಿ ಇಲ್ಲ.

ರಿಸಲ್ಟ್ ಬಂದ ದಿನ ಹೇಳ್ತೀನಿ. ಸಂಜಿ ನಾಲ್ಕೂವರಿ ಸುಮಾರು, ಮನಿಯಾಕಿ ಹುಬ್ಬಳ್ಳಿಯಿಂದ ತರಿಸಿದ ಜ್ವಾಳದ ಹಿಟ್ಟು ಹಚ್ಚಿ ರೊಟ್ಟಿ ಬಡ್ಯಾಕತ್ತಿದ್ಲು. ಫೋನ್ ಬಂತು. ನಮ್ಮ ಬ್ಯಾಚ್‌ಮೇಟ್, ಅಂವಂದು ಆಗಿತ್ತು, ನಂದು ಆಗಿರ್ಲಿಲ್ಲ, ಅದನ್ನ ಅಂವ ಹೇಳಬೇಕು. ಪಾಪ ಎರಡ ನಿಮಿಷ ಹವಾಮಾನ ಮಾತಾಡಿದ, ಆಮ್ಯಾಲ "ನಿನ್ನ ಕಡೆ ಧಾರವಾಡ ಫೇಡೆ ಸಿಗ್ತಾವೇನೋ" ಅಂತ ಕೇಳಿದ, ಅಷ್ಟಕ್ಕ ನನಗ ತಿಳೀತು. ಫೇಡೆ ನೀನ ಕೊಡ್ಸಪ್ಪಾ ಈಗ ಅಂದೆ. ಫೋನ್ ಇಟ್ಟು ಒಳಗ ಬಂದ್ರ ರೊಟ್ಟಿ ಸಪ್ಪಳ ನಿಂತಿತ್ತು, ಆಕಿ ನನ್ನ ಮಾರಿ ನೋಡಿ "ಆತಲ್ಲ ಬಿಡ್ರಿ, ಕೈ ತೊಳ್ಕೋರಿ, ಬಿಸಿ ಇದ್ದಾಗ ತಿನ್ರಿ" ಅಂದು ಮತ್ತ ಬಡ್ಯಾಕ ಸುರು ಮಾಡಿದ್ಲು. ನಾಕ ರೊಟ್ಟಿ ತಿಂದೆ. ರಾತ್ರಿ ನಿದ್ದಿ ಬರ್ಲಿಲ್ಲ ಅನ್ನೂದು ಖರೆ, ಮರುದಿನ ಆಫೀಸಿಗೆ ಹೋಗೂ ಮುಂದ ಇನ್ನೂ ಕಷ್ಟ, ಎಲ್ಲಾರಿಗೂ ಗೊತ್ತಿರ್ತೈತಿ, ಯಾರೂ ಏನೂ ಅನ್ನೂದಿಲ್ಲ, ಎಲ್ಲಾರೂ ಜರಾ ಜಾಸ್ತಿನ ಮರ್ಯಾದಿ ಕೊಡ್ತಾರ, ಅದ ಚುಚ್ಚೂದು.

ನನಗಿಂತ ಎಷ್ಟೋ ದೊಡ್ಡೋರಿಗೆ ಹಿಂಗಾಗೇತಿ. ಲೆಫ್ಟಿನೆಂಟ್ ಜನರಲ್ ಪ್ರೇಮಿಂದ್ರ ಸಿಂಗ್ ಭಗತ್, ಎರಡನೇ ಮಹಾಯುದ್ಧದಾಗ 1941ರಾಗ ನೆಲಬಾಂಬ್ ತೆಗದು ವಿಕ್ಟೋರಿಯಾ ಕ್ರಾಸ್ ತಗೊಂಡಾಂವ, ಅಂವ ಚೀಫ್ ಆಗ್ತಾನ ಅಂತ ಇಡೀ ಸೈನ್ಯ ಅನ್ಕೊಂಡಿತ್ತು, ಆಗಿನ ಚೀಫ್‌ಗೆ ಅವಧಿ ಹೆಚ್ಚಿಗಿ ಕೊಟ್ರು, ಅಷ್ಟರಾಗ ಭಗತ್ ಅವ್ರ ವಯಸ್ಸು ಮುಗೀತು. 1983ರಾಗ ಎಸ್.ಕೆ. ಸಿನ್ಹಾ ವೈಸ್ ಚೀಫ್ ಇದ್ರು, ಖುರ್ಚಿ ಅವ್ರಿಗೇ ಅಂತಿದ್ರು, ಎ.ಎಸ್. ವೈದ್ಯ ಅವ್ರನ್ನ ಮಾಡಿದ್ರು, ಸಿನ್ಹಾ ರಾಜೀನಾಮಿ ಕೊಟ್ಟು ಹೋದ್ರು, ಮುಂದ ಅಸ್ಸಾಂ, ಜಮ್ಮು ಕಾಶ್ಮೀರದ ರಾಜ್ಯಪಾಲ ಆದ್ರು.

ವಯಸ್ಸು ಮುಗೀತು ಅಂದೆ ನೋಡು, ಹುಟ್ಟಿದ ತಾರೀಖಂತೂ ನಮ್ಮ ಕಡೆ ದೊಡ್ಡ ಕಥಿ. ನಾ ಹುಟ್ಟಿದ್ದು ಶ್ರಾವಣದಾಗ, ನಮ್ಮವ್ವಗ ನಾಗರ ಪಂಚಮಿ ಉಂಡಿ ಕಟ್ಟಿದ್ದು ನೆಪ್ಪೈತಿ. ಸಾಲ್ಯಾಗ ಹೆಸರು ಹಚ್ಚೂ ಮುಂದ ಮಾಸ್ತರು ಜೂನ್ 1 ಅಂತ ಬರ್ದ್ರು, ನನ್ನ ವರ್ಗದಾಗ ಅರ್ಧ ಹುಡುಗೋರು ಜೂನ್ 1ಕ್ಕ ಹುಟ್ಟಿದೋರು. ಸರ್ಕಾರಿ ನಿಯಮ ಏನಂದ್ರ ಸಾಮಾನ್ಯವಾಗಿ ಹುಟ್ಟಿದ ತಿಂಗಳ ಕಡೀ ದಿನ ರಿಟೈರ್, ಆದ್ರ ಒಂದನೇ ತಾರೀಖು ಹುಟ್ಟಿದಾಂವ ಹಿಂದಿನ ತಿಂಗಳ ಕಡೀ ದಿನಕ್ಕ ಹೋಗಬೇಕು. ಹಿಂಗಾಗಿ ನಾ ಮೇ 31ಕ್ಕ ಮನಿಗೆ. ಮಾಸ್ತರು ಜೂನ್ 2 ಅಂತ ಬರ್ದಿದ್ರ ಒಂದು ತಿಂಗಳ ಪಗಾರ ಹೆಚ್ಚಿಗಿ ಬರ್ತಿತ್ತು. ನಗಬ್ಯಾಡ, ಜನರಲ್ ವಿ.ಕೆ. ಸಿಂಗ್ ಚೀಫ್ ಇದ್ದಾಗ ಅವ್ರ ಜನ್ಮವರ್ಷ 1950ನೋ 1951ನೋ ಅಂತ ಸುಪ್ರೀಂ ಕೋರ್ಟ್ ತನಕ ಹೋಗಿತ್ತು, 2012ರಾಗ ಅರ್ಜಿ ವಾಪಸ್ ತಗೊಂಡ್ರು, ಅದ ವರ್ಷ ಮೇ 31ಕ್ಕ ರಿಟೈರ್ ಆದ್ರು. ಯಾಕಂದ್ರ ಮ್ಯಾಲ ಹೋದಂಗ ಒಂದೊಂದು ತಿಂಗಳೂ ಲೆಕ್ಕ. ಕರ್ನಲ್‌ಗೆ 54, ಬ್ರಿಗೇಡಿಯರ್‌ಗೆ 56, ಮೇಜರ್ ಜನರಲ್‌ಗೆ 58, ಲೆಫ್ಟಿನೆಂಟ್ ಜನರಲ್‌ಗೆ 60, ಚೀಫ್‌ಗೆ 62 ಇಲ್ಲಾ ಮೂರ ವರ್ಷ, ಯಾವುದು ಮೊದ್ಲೋ ಅದು. ಎರಡು ವರ್ಷ ತಡಾ ಮಾಡಿ ಸೇರಿದಾಂವಗ ಮ್ಯಾಲ ಖುರ್ಚಿ ಖಾಲಿ ಆಗೂದ್ರೊಳಗ ತಂದ ವಯಸ್ಸು ಮುಗ್ದಿರ್ತೈತಿ.

ಪ್ರಶ್ನೆ: ನಾನು ಬಿ.ಕಾಂ. ಕಡೇ ವರ್ಷ. ಸಿ.ಡಿ.ಎಸ್. ಬರೀಬೇಕಂತೀನಿ. ಕನ್ನಡ ಮೀಡಿಯಂ, ಇಂಗ್ಲಿಷ್ ಮಾತಾಡಾಕ ಬಾಯಿ ಬರೂದಿಲ್ಲ. ಎಸ್.ಎಸ್.ಬಿ. ಒಳಗ ನಮ್ಮಂಥೋರನ್ನ ತಗೋತಾರೇನು? (ರಾಣೆಬೆನ್ನೂರು)

ಉತ್ತರ: ತಗೋತಾರ, ನನ್ನ ತಗೊಂಡಾರ. ಆದ್ರ ಮೊದಲ ಸಲ ತಗೊಳ್ಳಲಿಲ್ಲ, ಅದನ್ನೂ ಹೇಳಬೇಕು.

ಸಿ.ಡಿ.ಎಸ್. ಅಂದ್ರ ಡಿಗ್ರಿ ಆದೋರು ಆಫೀಸರ್ ಆಗಾಕ ಬರಿಯೂ ಲಿಖಿತ ಪರೀಕ್ಷೆ, ಅದು ಪಾಸ್ ಆದ್ರ ಎಸ್.ಎಸ್.ಬಿ., ಅಂದ್ರ ಆಯ್ಕೆ ಮಂಡಳಿ ಮುಂದ ಹೋಗಬೇಕು. ಐದು ದಿನದ ಆಟ ಅದು. ಮೊದಲ ದಿನ ಜಾಳಗಿ ಹಿಡೀತಾರ, ಬುದ್ಧಿ ಪರೀಕ್ಷೆ ಒಂದು, ಮಸುಕು ಮಸುಕು ಚಿತ್ರ ತೋರ್ಸಿ ಕಥಿ ಬರಸ್ತಾರ, ಆಮ್ಯಾಲ ಗುಂಪಿನ್ಯಾಗ ಅದನ್ನ ಮಾತಾಡಸ್ತಾರ, ಭಾಳ ಮಂದಿ ಅದ ಮಧ್ಯಾಹ್ನ ಚೀಲ ಹೆಗಲಿಗೆ ಹಾಕ್ಕೊಂಡು ಸ್ಟೇಷನ್ ಹಾದಿ ಹಿಡೀತಾರ. ಉಳಿದೋರಿಗೆ ಎದಿ ಮ್ಯಾಲ ನಂಬರ್ ಕೊಡ್ತಾರ, ಅಲ್ಲಿಂದ ನಿನ್ನ ಹೆಸರು ಇಲ್ಲ, ನಂಬರ್ ಅಷ್ಟ. ಎರಡನೇ ದಿನ ಮನೋವಿಜ್ಞಾನದ್ದು, ಹನ್ನೆರಡು ಕಥಿ, ಅದ್ರಾಗ ಕಡೀದು ಖಾಲಿ ಹಾಳಿ, ನಿನ್ನ ತಲ್ಯಾಗಿಂದ ನೀ ಬರೀ. ಆಮ್ಯಾಲ 60 ಶಬ್ದ, ಒಂದೊಂದಕ್ಕ 15 ಸೆಕೆಂಡ್, ಶಬ್ದ ಮಿಂಚಿ ಹೋಗ್ತೈತಿ, ನೀ ಒಂದ ವಾಕ್ಯ ಗೀಚಬೇಕು. ಆಮ್ಯಾಲ 60 ಪ್ರಸಂಗ, ಅರ್ಧ ತಾಸು. ಮುಂದ ಮೈದಾನ, ಹಗ್ಗ ಹಲಗಿ ಡ್ರಮ್ ಕೊಟ್ಟು ಹಳ್ಳ ದಾಟ್ರಿ ಅಂತಾರ, ನಡುವ ಇಂಟರ್ವ್ಯೂ, ಕಡೀ ದಿನ ಎಲ್ಲಾ ಪರೀಕ್ಷಕರು ಕೂಡಿ ಕುಂತು ಒಬ್ಬೊಬ್ಬನ್ನ ಒಳಗ ಕರೀತಾರ.

ಮೊದಲ ಸಲ ನಾ ಏನ್ ಮಾಡಿದ್ದೆ ಗೊತ್ತೇನು, ಗೈಡ್ ಪುಸ್ತಕ ಬಾಯಿಪಾಠ ಮಾಡಿ ಪ್ರತಿ ಕಥ್ಯಾಗೂ ಹೀರೋ ಮುಳುಗೋರನ್ನ ಉಳಸ್ತಿದ್ದ, ಬೆಂಕಿ ಆರಸ್ತಿದ್ದ, ಕಡೀಕ ಬಹುಮಾನ ತಗೋತಿದ್ದ. ಹೊರಗ ಹಾಕಿದ್ರು. ಎರಡನೇ ಸಲ ಬ್ಯಾಸತ್ತು ಹೋಗಿದ್ದೆ, ನಮ್ಮೂರಿಂದ ಬರ್ದೆ, ಹೊಲಕ್ಕ ನೀರ ಹಾಯಸೂ ಪಾಳಿ ಜಗಳ, ಕೆರಿ ಹೂಳು, ಎತ್ತಿಗೆ ಜಡ್ಡು ಬಂದಾಗ ರಾತ್ರಿ ಪಶು ಡಾಕ್ಟರ್‌ನ ಸೈಕಲ್ ಮ್ಯಾಲ ಕರಕೊಂಡ ಬಂದದ್ದು. ಮೈದಾನದಾಗ ಹಲಗಿಗೆ ಹಗ್ಗ ಕಟ್ಟೂ ಮುಂದ ಉಳಿದೋರೆಲ್ಲಾ ಇಂಗ್ಲಿಷಿನ್ಯಾಗ ಐಡಿಯಾ ಹೇಳಾಕತ್ತಿದ್ರು, ನಾ ಸುಮ್ನ ಮೇವಿನ ಹೊರಿ ಕಟ್ಟೂ ಗಂಟು ಹಾಕಿ ಹಲಗಿ ಎಳದು ತೋರ್ಸಿದೆ, ಅದು ಜಾರ್ಲಿಲ್ಲ. ಅವ್ರು ನೋಡೂದು ಇಂಗ್ಲಿಷ್ ಅಲ್ಲ ಅಂತ ನಾ ಹೇಳೂದಿಲ್ಲ, ತಿಳಿಯೂವಷ್ಟು ಇಂಗ್ಲಿಷ್ ಬೇಕು, ದಿನಾ ಒಂದ ಪೇಪರ್ ಜೋರಾಗಿ ಓದು, ಗೆಳ್ಯಾನ ಜೋಡಿ ಮುರಕ ಇಂಗ್ಲಿಷ್ ಮಾತಾಡು, ನಗ್ತಾರ, ನಗ್ಲಿ. ಆದ್ರ ತಪ್ಪು ಇಂಗ್ಲಿಷಿನ್ಯಾಗ ಖರೆ ಮಾತು ಹೇಳಿದಾಂವ ಆಯ್ಕೆ ಆಗಿದ್ದು ನೋಡೇನಿ, ಚಂದನ ಇಂಗ್ಲಿಷಿನ್ಯಾಗ ಸುಳ್ಳು ಹೇಳಿದಾಂವ ಮನಿಗೆ ಹೋಗಿದ್ದೂ ನೋಡೇನಿ. ವಯಸ್ಸಿಂದು ನೋಡ್ಕೋ, ಡೆಹ್ರಾಡೂನಿಗೆ 24, ಚೆನ್ನೈದ ಆಫೀಸರ್ ಟ್ರೇನಿಂಗ್ ಅಕಾಡೆಮಿ (ಓ.ಟಿ.ಎ.)ಗೆ 25 ಮಿತಿ. ಎನ್.ಸಿ.ಸಿ. ಸಿ ಸರ್ಟಿಫಿಕೇಟ್ ಇದ್ರ ಲಿಖಿತ ಪರೀಕ್ಷೆ ಇಲ್ದ ಸೀದಾ ಎಸ್.ಎಸ್.ಬಿ.ಗೆ ಹೋಗೂ ದಾರಿನೂ ಐತಿ, ಡಿಗ್ರ್ಯಾಗ 50% ಬೇಕು.

ಪ್ರಶ್ನೆ: ಸುಭೇದಾರ್ ಮೇಜರ್ ದೊಡ್ಡಾಂವನೋ, ಮೇಜರ್ ದೊಡ್ಡಾಂವನೋ? ನಮ್ಮ ಓಣ್ಯಾಗ ಪಂದ್ಯ ಬಿದ್ದೈತಿ. (ಹಾವೇರಿ)

ಉತ್ತರ: ಹುದ್ದೆದಾಗ ಮೇಜರ್. ಇಪ್ಪತ್ತೆರಡು ವರ್ಷದ ಲೆಫ್ಟಿನೆಂಟೂ ಸುಭೇದಾರ್ ಮೇಜರ್‌ಗಿಂತ ಮ್ಯಾಲ, ಯಾಕಂದ್ರ ಅಂವ ಕಮಿಷನ್ಡ್ ಆಫೀಸರ್, ಸುಭೇದಾರ್ ಮೇಜರ್ ಸಿಪಾಯಿಯಿಂದ ಏರಿ ಬಂದ ಜೂನಿಯರ್ ಕಮಿಷನ್ಡ್ ಆಫೀಸರ್ (ಜೆ.ಸಿ.ಓ.). ಆದ್ರ ಪಲ್ಟನ್‌ದಾಗ ಅಂವನ ವಯಸ್ಸಿಗೆ ಮಗ ಆಗೂವಂಥ ಲೆಫ್ಟಿನೆಂಟ್‌ಗೆ ಅಂವ ಸೆಲ್ಯೂಟ್ ಹೊಡೀತಾನ, ಹುಡುಗ ವಾಪಸ್ ಸೆಲ್ಯೂಟ್ ಹೊಡದು "ಸಾಬ್" ಅಂತಾನ, ಅನ್ನದಿದ್ರ ಅಂವನ ನೌಕರಿ ನಡಿಯೂದಿಲ್ಲ. ಪಂದ್ಯದ ರೊಕ್ಕದಾಗ ಎಲ್ಲಾರೂ ಮಿರ್ಚಿ ತಿನ್ರಿ.

ಪ್ರಶ್ನೆ: ನಮ್ಮ ಮಗಳಿಗೆ ಮೇಜರ್ ಹುಡುಗನ ಸಂಬಂಧ ಬಂದೈತಿ. ಹುಡುಗ ಚೊಲೊ ಅದಾನ, ಮನಿತನ ಚೊಲೊ ಐತಿ. ಆಕಿ ಇಲ್ಲಿ ಕಾಲೇಜಿನ್ಯಾಗ ಕಲಸ್ತಾಳ. ಕೊಡಬೇಕೋ ಬ್ಯಾಡೋ, ನಿಮ್ಮ ಮನಿಯವ್ರನ್ನೂ ಕೇಳಿ ಹೇಳ್ರಿ. (ಒಬ್ಬ ತಾಯಿ, ಧಾರವಾಡ)

ಉತ್ತರ: ಅಕ್ಕಾರ, ಕೇಳಿದೆ. "ಆಕಿ ನೌಕರಿ ಏನಾಗ್ತೈತಿ ಅಂತ ಮೊದ್ಲ ಕೇಳ್ರಿ, ಹುಡುಗಂದು ಆಮ್ಯಾಲ" ಅಂದ್ಲು. ನನ್ನ ಮನಿಯಾಕಿ ಎಂ.ಎಸ್ಸಿ., 31 ವರ್ಷದಾಗ 16 ಮನಿ ಕಟ್ಟ್ಯಾಳ ಬಿಚ್ಚ್ಯಾಳ, ಆರು ಸಾಲ್ಯಾಗ ಟೆಂಪರರಿ ಕಲಿಸ್ಯಾಳ, ಒಂದ್ರಾಗೂ ಪರ್ಮನೆಂಟ್ ಆಗ್ಲಿಲ್ಲ. ನನ್ನ ಹೆಗಲ ಮ್ಯಾಲಿನ ಒಂದೊಂದು ನಕ್ಷತ್ರಕ್ಕೂ ಆಕಿ ಒಂದೊಂದು ನೌಕರಿ ಬಿಟ್ಟಾಳ, ಈ ಲೆಕ್ಕ ನಾ ರಿಟೈರ್ ಆದಮ್ಯಾಲ ಮಾಡಿದ್ದು, ಮೊದ್ಲ ಮಾಡಬೇಕಿತ್ತು.

ಎರಡು ಮೂರು ವರ್ಷಕ್ಕೊಮ್ಮೆ ಬದಲಿ. ಒಂದು ಪೀಸ್, ಅಂದ್ರ ಶಾಂತಿ ಇರೂ ಊರು, ಒಂದು ಫೀಲ್ಡ್, ಅಂದ್ರ ಗಡಿ ಕಡೆ. ಫೀಲ್ಡ್‌ದಾಗ ಹೆಂಡ್ತಿ ಮಕ್ಕಳನ್ನ ಕರಕೊಂಡ ಹೋಗಾಕ ಬರೂದಿಲ್ಲ, ಅವ್ರಿಗೆ ಬ್ಯಾರೆ ಊರಾಗ ಕ್ವಾರ್ಟರ್ಸ್ ಕೊಡ್ತಾರ, ಇಲ್ಲಾ ತವರಿಗೆ ಬರ್ತಾರ. ಕಟ್ಟಿಗಿ ಪೆಟ್ಟಿಗಿ ಮ್ಯಾಲ ಕರಿ ಬಣ್ಣದಾಗ ಹೆಸರು ಬರಸಿ ಸಾಮಾನು ತುಂಬೂದು, ಅದರ ಮ್ಯಾಲ ಹಳೇ ಊರ ಹೆಸರು ಅಳಿಸಿ ಹೊಸಾದು ಬರಿಯೂದು, ನಮ್ಮನ್ಯಾಗ ಒಂದು ಪೆಟ್ಟಿಗಿ ಇನ್ನೂ ಐತಿ, ಈಗ ಜ್ವಾಳ ಹಾಕೇವಿ, ಬಿಸಲಿಗೆ ಹಿಡದ್ರ ಒಂದರ ಕೆಳಗೊಂದು ಐದು ಊರ ಹೆಸರು ಕಾಣ್ತಾವು. ಮಗಳು ಸಣ್ಣಾಕಿ ಇದ್ದಾಗ ಊರಿಗೆ ಬಂದ್ರ ನಮ್ಮವ್ವನ ಜೋಡಿ ಹಿಂದ್ಯಾಗ ಮಾತಾಡಾಕಿ, ನಮ್ಮವ್ವ ಕನ್ನಡದಾಗ ಉತ್ತರ ಕೊಡಾಕಿ, ಇಬ್ರೂ ಅಗದಿ ಆರಾಮ ಇದ್ರು, ನನಗ ಮಾತ್ರ ಹೊಟ್ಟ್ಯಾಗ ಸಂಕಟ.

ಇಷ್ಟು ಹೆದರಿಸಿ ಕೊಡಬ್ಯಾಡ್ರಿ ಅಂತ ಹೇಳಾಕತ್ತಿಲ್ಲ. ಹುಡುಗ ಫೀಲ್ಡ್‌ಗೆ ಹೋದಾಗ ಆಕಿಗೆ ಜಡ್ಡಾದ್ರ ಮಧ್ಯರಾತ್ರಿ ಬಾಜೂ ಕ್ವಾರ್ಟರ್ಸಿನೋರು ಬಂದು ನಿಲ್ತಾರ, ಅಂಥಾ ನೆರೆಹೊರೆ ಹುಬ್ಬಳ್ಳಿ ಅಪಾರ್ಟ್‌ಮೆಂಟಿನ್ಯಾಗ ಸಿಗೂದಿಲ್ಲ. ದವಾಖಾನಿ, ಕ್ಯಾಂಟೀನು, ಮಕ್ಕಳ ಸಾಲಿ ಎಲ್ಲಾ ಐತಿ. ನೀವು ಹುಡುಗನ್ನ ಕುಂದ್ರಿಸಿ ಒಂದ ಪ್ರಶ್ನೆ ಕೇಳ್ರಿ, "ನಮ್ಮ ಹುಡುಗಿ ತನ್ನ ನೌಕರಿ ಸಲುವಾಗಿ ಎರಡು ವರ್ಷ ಇಲ್ಲೇ ಧಾರವಾಡದಾಗ ಇರ್ತೀನಿ ಅಂದ್ರ ನೀ ಏನಂತಿ?" ಅಂತ. ಅಂವನ ಉತ್ತರ ಕೇಳಿ ನೀವ ನಿರ್ಧಾರ ಮಾಡ್ರಿ, ಅಂವ ಮುಂದ ಕರ್ನಲ್ ಆಗ್ತಾನೋ ಜನರಲ್ ಆಗ್ತಾನೋ ಅನ್ನೂದನ್ನ ನೋಡಬ್ಯಾಡ್ರಿ.

ಪ್ರಶ್ನೆ: ನಾನು ಪಿ.ಯು.ಸಿ. ಸೈನ್ಸ್ ಓದ್ತಿದೀನಿ. ಹುಡುಗಿಯರು ಎನ್.ಡಿ.ಎ.ಗೆ ಹೋಗಬಹುದಾ? ಮೇಲಿನ ಹುದ್ದೆ ತನಕ ಹೋಗಬಹುದಾ? (ಲಕ್ಷ್ಮೇಶ್ವರ)

ಉತ್ತರ: ಹೋಗಬಹುದವ್ವಾ. 2021ರಾಗ ಸುಪ್ರೀಂ ಕೋರ್ಟ್ ಬಾಗಿಲು ತಗಸ್ತು, 2022ರಾಗ ಮೊದಲ ತಂಡ ಪುಣೆ ಹತ್ರ ಖಡಕ್‌ವಾಸ್ಲಾದಾಗಿನ ಎನ್.ಡಿ.ಎ.ಗೆ (ಪಿ.ಯು.ಸಿ. ಆದೋರಿಗೆ ಆಫೀಸರ್ ಟ್ರೇನಿಂಗ್ ಕೊಡೂ ಅಕಾಡೆಮಿ) ಹೋತು, 2025ರ ಮೇ ತಿಂಗಳದಾಗ 17 ಹುಡುಗ್ಯಾರು ಪಾಸ್ ಔಟ್ ಆದ್ರು. ಹದಿನಾರೂವರಿಯಿಂದ ಹತ್ತೊಂಬತ್ತೂವರಿ ವಯಸ್ಸು, ಮದವಿ ಆಗಿರಬಾರದು, ಲಿಖಿತ ಪರೀಕ್ಷೆ 900 ಅಂಕ, ಅದ್ರಾಗ ಗಣಿತ 300, ಎಸ್.ಎಸ್.ಬಿ.ಗೆ ಮತ್ತ 900. ಅದಕ್ಕೂ ಮೊದ್ಲ 2020ರ ಫೆಬ್ರವರಿಯೊಳಗ ಹೆಣ್ಮಕ್ಕಳಿಗೂ ಪರ್ಮನೆಂಟ್ ಕಮಿಷನ್ (ರಿಟೈರ್ ತನಕ ನೌಕರಿ) ಮತ್ತ ಕಮಾಂಡ್ ಹುದ್ದೆ ಕೊಡಬೇಕು ಅಂತ ಕೋರ್ಟ್ ಹೇಳಿತ್ತು, ಈಗ ಹೆಣ್ಮಕ್ಕಳು ಕರ್ನಲ್ ಆಗಿ ಯೂನಿಟ್ ನಡಸಾಕತ್ತಾರ. ಇನ್‌ಫೆಂಟ್ರಿ, ಟ್ಯಾಂಕ್ ಇನ್ನೂ ತಗದಿಲ್ಲ. ನಿನ್ನ ತಂಗಿ ಇದ್ರ ಆಕಿಗೂ ಹೇಳು, ಇಲ್ಲೇ ಕಿತ್ತೂರಾಗ ಹುಡುಗ್ಯಾರ ಸೈನಿಕ ಸಾಲಿ ಐತಿ.

ಪ್ರಶ್ನೆ: ಪಗಾರ ಎಷ್ಟು, ಪೆನ್ಷನ್ ಎಷ್ಟು, ನೇರ ಹೇಳಿ. (ಶಿಗ್ಗಾಂವಿ)

ಉತ್ತರ: ನೇರ ಹೇಳ್ತೀನಿ. 7ನೇ ವೇತನ ಆಯೋಗದ ಪ್ರಕಾರ ಲೆಫ್ಟಿನೆಂಟ್‌ಗೆ ಮೂಲ ಪಗಾರ 56,100ದಿಂದ ಸುರು, ಕರ್ನಲ್‌ಗೆ 1,30,600, ಬ್ರಿಗೇಡಿಯರ್‌ಗೆ 1,39,600, ಮೇಜರ್ ಜನರಲ್‌ಗೆ 1,44,200, ಚೀಫ್‌ಗೆ 2,50,000. ಇದರ ಮ್ಯಾಲ ಬ್ರಿಗೇಡಿಯರ್ ತನಕ ತಿಂಗಳಿಗೆ 15,500 ಮಿಲಿಟರಿ ಸರ್ವಿಸ್ ಪೇ, ಡಿ.ಎ. ಬ್ಯಾರೆ, ಜಾಗಾ ನೋಡಿ ಫೀಲ್ಡ್ ಅಲವನ್ಸ್ ಬ್ಯಾರೆ. ನೋಡಿದ್ರಲ್ಲ, ಕರ್ನಲ್‌ಗೂ ಬ್ರಿಗೇಡಿಯರ್‌ಗೂ ಮೂಲ ಪಗಾರದಾಗ ಒಂಬತ್ತು ಸಾವಿರ ಫರಕು, ನಮ್ಮ ಸಂಬಂಧಿಕರು ಅಳೂದು ಇಷ್ಟಕ್ಕ. 20 ವರ್ಷ ಸರ್ವಿಸ್ ಆದ್ರ ಕಡೀ ಪಗಾರದ ಅರ್ಧ ಪೆನ್ಷನ್. ಶಾರ್ಟ್ ಸರ್ವಿಸ್‌ದಾಗ 10 ಇಲ್ಲಾ 14 ವರ್ಷಕ್ಕ ಹೊರಗ ಬಂದೋರಿಗೆ ಪೆನ್ಷನ್ ಇಲ್ಲ, ಗ್ರಾಚ್ಯುಟಿ ಐತಿ, ಇದನ್ನ ತಿಳಕೊಂಡ ಸೇರ್ರಿ.

ಪ್ರಶ್ನೆ: ಕಾರ್ಯಪ್ಪ, ತಿಮ್ಮಯ್ಯ ಕೊಡಗಿನವರು. ನಮ್ಮ ಉತ್ತರ ಕರ್ನಾಟಕದ ಕಡೆಯಿಂದ ಯಾರೂ ಆ ಎತ್ತರಕ್ಕೆ ಹೋಗಲಿಲ್ಲವೇ? (ನಿವೃತ್ತ ಶಿಕ್ಷಕರು, ನರಗುಂದ)

ಉತ್ತರ: ಗುರುಗಳ, ಹೋಗ್ಯಾರ. ಕಾರ್ಯಪ್ಪ ಅವ್ರು 1919ರಾಗ ಕಮಿಷನ್ ಆಗಿ 1949ರ ಜನವರಿ 15ಕ್ಕ ಮೊದಲ ಭಾರತೀಯ ಮುಖ್ಯಸ್ಥ ಆದ್ರು, ಮೂವತ್ತು ವರ್ಷದ ಹಾದಿ ಅದು, ಆರ್ಮಿ ಡೇ ಆ ದಿನದ್ದ. ಫೀಲ್ಡ್ ಮಾರ್ಷಲ್ ಪಟ್ಟ ಬಂದದ್ದು 1986ರಾಗ, ರಿಟೈರ್ ಆಗಿ 33 ವರ್ಷ ಆದಮ್ಯಾಲ. ತಿಮ್ಮಯ್ಯ ಅವ್ರು 1948ರ ನವೆಂಬರ್‌ದಾಗ ಜೋಜಿಲಾ ಕಣಿವಿಗೆ ಟ್ಯಾಂಕ್ ಏರಿಸಿದಾಂವ್ರು, 1957ರಿಂದ 61ರ ತನಕ ಚೀಫ್, ಕಡೀಕ ವಿಶ್ವಸಂಸ್ಥೆ ಸೈನ್ಯದ ಕಮಾಂಡರ್ ಆಗಿ ಸೈಪ್ರಸ್‌ದಾಗ 1965ರಾಗ ತೀರಿಕೊಂಡ್ರು.

ಇನ್ನ ಹೆಸರು ಕೇಳಿದ್ರ ನಮ್ಮ ಕಡೆ ಅನಿಸೂದು ಜನರಲ್ ಗೋಪಾಳ ಗುರುನಾಥ ಬೇವೂರ. 1973ರ ಜನವರಿಯೊಳಗ ಮಾಣೆಕ್ ಶಾ ಅವ್ರ ಕೈಯಿಂದ ಖುರ್ಚಿ ತಗೊಂಡ್ರು, 1975ರ ಮೇ ತನಕ ಚೀಫ್. 1971ರ ಯುದ್ಧದಾಗ ದಕ್ಷಿಣ ಕಮಾಂಡ್ ಅವ್ರ ಕೈಯಾಗಿತ್ತು, ರಾಜಸ್ಥಾನದ ಲೋಂಗೇವಾಲಾ ಕಾಳಗ ಆದದ್ದು ಅದ ಕಮಾಂಡ್‌ದಾಗ. ಮ್ಯಾಲೆ ಭಗತ್ ಅವ್ರ ಕಥಿ ಹೇಳಿದ್ನೆಲ್ಲ, ಅವಧಿ ಹೆಚ್ಚಿಗಿ ಸಿಕ್ಕ ಚೀಫ್ ಅಂದ್ರ ಇವರ. ಒಬ್ಬಂಗ ಸಿಕ್ಕ ವರ್ಷ ಇನ್ನೊಬ್ಬನ ಕೈಯಿಂದ ಹೋದದ್ದು. ಈಚಿಗೆ ಲೆಫ್ಟಿನೆಂಟ್ ಜನರಲ್ ಬಿ.ಎಸ್. ರಾಜು 2022ರಾಗ ವೈಸ್ ಚೀಫ್ ಆದ್ರು, ಓದಿದ್ದು ವಿಜಯಪುರ ಸೈನಿಕ ಸಾಲ್ಯಾಗ, 1963ರಾಗ ಸುರುವಾದ ಸಾಲಿ ಅದು.

ಗುರುಗಳ, ಒಂದ ಮಾತು. ಎತ್ತರ ಅಂದ್ರಿ. ಕುಂದಗೋಳ ತಾಲೂಕಿನ ಬೆಟದೂರ ಹುಡುಗ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ದಾಗ 19 ಸಾವಿರ ಫೂಟಿನ ಮ್ಯಾಲ ಇದ್ದ, 2016ರ ಫೆಬ್ರವರಿ 3ಕ್ಕ ಹಿಮ ಕುಸೀತು, ಆರನೇ ದಿನಕ್ಕ ಜೀವಂತ ತಗದ್ರು, 11ಕ್ಕ ದಿಲ್ಲಿಯೊಳಗ ಹೋದ. ಹುದ್ದೆ ಲ್ಯಾನ್ಸ್ ನಾಯಕ್. ಆ ವಾರ ಹುಬ್ಬಳ್ಳ್ಯಾಗ ಯಾವ ಗುಡಿಗೆ ಹೋದ್ರೂ ಅಂವನ ಹೆಸರಿನ್ಯಾಗ ಪೂಜಿ ಇತ್ತು ಅಂತ ನಮ್ಮವ್ವ ಫೋನಿನ್ಯಾಗ ಹೇಳಿದ್ಲು.

ಪ್ರಶ್ನೆ: ನಮ್ಮಣ್ಣ ಸಿಪಾಯಿ ಆಗಿ ಮೂರು ವರ್ಷ ಆತು, ಪಿ.ಯು.ಸಿ. ಆಗೇತಿ. ಅಂವ ಆಫೀಸರ್ ಆಗಬಹುದೇನು? (ಮುಂಡರಗಿ)

ಉತ್ತರ: ಆಗಬಹುದು. ಆರ್ಮಿ ಕೆಡೆಟ್ ಕಾಲೇಜ್ ಅಂತ ಡೆಹ್ರಾಡೂನ್‌ದಾಗ ಐತಿ, ಎರಡು ವರ್ಷ ಸರ್ವಿಸ್ ಆಗಿರಬೇಕು, 20ರಿಂದ 27 ವಯಸ್ಸು, ಪರೀಕ್ಷೆ, ಆಮ್ಯಾಲ ಅದ ಎಸ್.ಎಸ್.ಬಿ. ಮೂರು ವರ್ಷದಾಗ ಡಿಗ್ರಿ, ಒಂದು ವರ್ಷ ಅಲ್ಲೇ ಡೆಹ್ರಾಡೂನ್ ಮಿಲಿಟರಿ ಅಕಾಡೆಮಿ (ಐ.ಎಂ.ಎ.). ವಯಸ್ಸಿನ ಸಲುವಾಗಿ ಭಾಳ ಮ್ಯಾಲಿನ ತನಕ ಹೋಗೂದು ಕಷ್ಟ, ಆದ್ರ ಜವಾನನ ಕಷ್ಟ ಗೊತ್ತಿರೂ ಕಂಪನಿ ಕಮಾಂಡರ್ ಅಂದ್ರ ಹುಡುಗೋರು ಜೀವ ಕೊಡ್ತಾರ. ತಡಾ ಮಾಡಬ್ಯಾಡ ಅನ್ನು.

ಪ್ರಶ್ನೆ: ಕಾಕಾ, ನಾನು ಏಳನೇತ್ತೆ. ನಿಮ್ಮ ಟೋಪಿ ಇನ್ನೂ ಐತೇನು? ಬ್ರಿಗೇಡಿಯರ್ ಟೋಪಿ ಬ್ಯಾರೆ ಇರ್ತೈತೇನು? (ಕುಂದಗೋಳ)

ಉತ್ತರ: ಐತೆಪಾ, ಜ್ವಾಳದ ಪೆಟ್ಟಿಗಿ ಮ್ಯಾಲಿನ ಗೂಟಕ್ಕ ಹಾಕೇನಿ. ಪಲ್ಟನ್ ಪಲ್ಟನ್‌ಗೂ ಟೋಪಿ, ಬಿಲ್ಲೆ, ಹೆಗಲಿಗೆ ಹಾಕೂ ಹಗ್ಗ ಬ್ಯಾರೆ ಇರ್ತಾವು. 2023ರ ಆಗಸ್ಟ್ 1ರಿಂದ ಏನ್ ಮಾಡ್ಯಾರ ಅಂದ್ರ ಬ್ರಿಗೇಡಿಯರ್ ಮತ್ತ ಅದರ ಮ್ಯಾಲಿನೋರೆಲ್ಲಾ ತಮ್ಮ ಪಲ್ಟನ್ ಟೋಪಿ ಬಿಟ್ಟು ಎಲ್ಲಾರೂ ಒಂದ ನಮೂನಿ ಕಡು ಹಸರ ಬೆರೆ ಟೋಪಿ ಹಾಕಬೇಕು, ಹಗ್ಗ ಇಲ್ಲ. ಫೇಡೆ ಕೇಳಿದ್ನಲ್ಲ ನನ್ನ ಗೆಳ್ಯಾ, ಅಂವ ಅವತ್ತ ಸಂಜಿಗೆ ಫೋನ್ ಮಾಡಿ ಮೂವತ್ತು ವರ್ಷದ ಟೋಪಿ ಪೆಟ್ಟಿಗ್ಯಾಗಿಟ್ಟೆ ಅಂತ ಹೇಳೂ ಮುಂದ ದನಿ ಕಟ್ಟಿತ್ತು. ಕರ್ನಲ್ ತನಕ ಆ ನಿಯಮ ಇಲ್ಲ. ನಾ ಮೇ 31ಕ್ಕ ಕಡೀ ಸೆಲ್ಯೂಟ್ ಹೊಡದದ್ದು ನನ್ನ ಪಲ್ಟನ್ ಟೋಪಿ ಹಾಕ್ಕೊಂಡ. ನೀ ಧಾರವಾಡಕ್ಕ ಬಂದಾಗ ಮನಿಗೆ ಬಾ, ಹಾಕ್ಕೊಂಡು ನೋಡುವಂತಿ, ಜರಾ ದೊಡ್ಡದಾಗ್ತೈತಿ ನಿನಗ.